ಮೊದಲೇ ‘ಚಟ’ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ನನ್ನ ಮಗಳು ಕಲಬುರಗಿಯಲ್ಲಿ ಪದವಿ ಓದುತ್ತಿದ್ದಾಳೆ. ಮೊನ್ನೆ ಕಾಲೇಜಿನಲ್ಲಿ ಗೇಮಿಂಗ್ ಬಗ್ಗೆ ಪ್ರಶ್ನಾವಳಿ ಕೊಟ್ಟಿದ್ದರು. ಮೊದಲ ಪ್ರಶ್ನೆಯೇ ‘ಈ ಚಟ ಯಾವಾಗ ಶುರುವಾಯಿತು?’. ಪೆನ್ನು ಕೆಳಗಿಟ್ಟು ಸುಮ್ನೆ ಕೂತಳಂತೆ. ಹೀಗೆ ಕೇಳಿದರೆ ನಿಜ ಯಾರು ಬರೀತಾರೆ?

ವಿಡಿಯೊ ಗೇಮ್ ಸ್ಪರ್ಧೆಗೆ, ಅಂದರೆ ಇ-ಸ್ಪೋರ್ಟ್ಸ್‌ಗೆ ಕೇಂದ್ರ ಸರ್ಕಾರ 2022ರಲ್ಲೇ ಮಾನ್ಯತೆ ಕೊಟ್ಟಿದೆ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕವೂ ಇತ್ತು. ದುಡ್ಡು ಕಟ್ಟಿ ಆಡುವ ಜೂಜೇ ಬೇರೆ, ತಂಡ ಕಟ್ಟಿ ಆಡುವ ಸ್ಪರ್ಧೆಯೇ ಬೇರೆ ಅಲ್ವಾ? ಎರಡನ್ನೂ ಬೇರೆಬೇರೆಯಾಗಿ ಕೇಳಲಿ. ‘ಇದೂ ಕ್ರೀಡೆ’ ಎಂಬ ಮಾತಿಗೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಒಪ್ಪುವುದೇ ಇಲ್ಲ’ದವರೆಗೆ ಐದು ಆಯ್ಕೆ ಇರಲಿ. ಹೆಸರು, ರಿಜಿಸ್ಟರ್ ನಂಬರ್ ಬೇಡ. ಸೇಡಂ, ಆಳಂದದಿಂದ ಬರುವ ಮಕ್ಕಳಿಗಾಗಿ ಕನ್ನಡದಲ್ಲೂ ಕೊಡಲಿ.

– ಒಬ್ಬ ತಾಯಿ, ಕಲಬುರಗಿ