ಪಶು ಆಸ್ಪತ್ರೆಯ ಬೆಂಚಿನಲ್ಲಿ ಸಿಕ್ಕ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳುವಷ್ಟರಲ್ಲಿ ನಿಮ್ಮ ಸರದಿ ಬಂದುಬಿಟ್ಟಿತು. 2 ತಿಂಗಳ ನಮ್ಮ ಬೆಕ್ಕಿನ ಮರಿ ದಿನವೂ ಹಾಸಿಗೆಯ ಮೇಲೆಯೇ ಉಚ್ಚೆ ಹೊಯ್ಯುತ್ತಿತ್ತು. ಯಾರಿಗಾದರೂ ಕೊಟ್ಟುಬಿಡೋಣ ಎಂದು ಮನೆಯಲ್ಲಿ ಮಾತು ನಡೆದಿತ್ತು. ಸೋಂಕೇನೂ ಇಲ್ಲ ಎಂದರು ವೈದ್ಯರು. "ಗದರಿಸಬೇಡ ಮಗಳೇ, ಉಚ್ಚೆಗೆಂದು ಇಟ್ಟ ಮರಳಿನ ಡಬ್ಬಿಯ ಅಂಚು ಅದಕ್ಕೆ ಎತ್ತರವಾಗಿದೆಯೇನೋ ನೋಡು" ಎಂದಿರಿ ನೀವು. ನೋಡಿದೆ. ಪಾಪ, ಹತ್ತಲಾರದೆ ಒದ್ದಾಡುತ್ತಿತ್ತು!

ತಗ್ಗಾದ ಟ್ರೇ ತಂದು, ಪರಿಮಳವಿಲ್ಲದ ಮರಳು ತುಂಬಿ, ಊಟದ ಬಟ್ಟಲಿನಿಂದ ದೂರವಿಟ್ಟೆ. ಹಳೆಯ ವಾಸನೆ ಉಳಿದರೆ ಮರಿ ಮತ್ತೆ ಅಲ್ಲಿಗೇ ಹೋಗುತ್ತದೆ ಎಂದಿದ್ದಿರಲ್ಲ, ಹಾಸಿಗೆಯನ್ನು ಕಿಣ್ವವಿರುವ ದ್ರಾವಣದಿಂದ ತೊಳೆದೆ. ಫಿನಾಯಿಲ್ ಬೆಕ್ಕಿಗೆ ವಿಷವೆಂದು ನೀವು ಎಚ್ಚರಿಸದಿದ್ದರೆ ನಾನು ಅದರಲ್ಲೇ ನೆಲ ಒರೆಸುತ್ತಿದ್ದೆ. ನೆನೆದರೆ ಈಗಲೂ ಎದೆ ನಡುಗುತ್ತದೆ.

ಇಂದಿಗೆ 11 ದಿನ, ಹಾಸಿಗೆ ಒಣಗಿಯೇ ಇದೆ. ಮರಿ ನಮ್ಮಲ್ಲೇ ಉಳಿಯಿತು. ನಿಮಗೆ ನನ್ನ ನಮಸ್ಕಾರ, ಅಮ್ಮಾ.