ಗೆಳೆಯನಿಗೊಂದು ಪತ್ರ: ಸಂಪಿನ ಪಕ್ಕ ಒಂದು ಇಂಗುಬಾವಿ

ಪ್ರೀತಿಯ ಮಂಜು,

30-40 ಸೈಟಿನಲ್ಲಿ ಪಾಯ ತೆಗೆಸುತ್ತಿದ್ದೀಯ ಅಂತ ಗೊತ್ತಾಗಿ ತುಂಬ ಸಂತೋಷವಾಯಿತು. ಸಂಪಿಗೆ ಕಾಂಕ್ರೀಟ್ ಹಾಕುವ ಮೊದಲೇ ಈ ಪತ್ರ ನಿನ್ನ ಕೈ ಸೇರಲಿ. ಬೆಂಗಳೂರಿನಲ್ಲಿ ಆ ಅಳತೆಯ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ ನಿನಗೆ ಗೊತ್ತೇ ಇದೆ. ನೀರಿನ ಕನೆಕ್ಷನ್ ಸಿಕ್ಕರೆ ಸಾಕು ಅಂತ ಒಂದು ಡ್ರಮ್ ನಿಲ್ಲಿಸಿ ಮುಗಿಸಬೇಡ ಕಣೋ.

ಲೆಕ್ಕ ಸುಲಭ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಿನ್ನ ತಾರಸಿ 900 ಚದರ ಅಡಿ ಅಂದುಕೋ, ಅಂದರೆ 84 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಆವಿಯಾಗಿ, ಚೆಲ್ಲಿ ಹೋಗಿದ್ದು ಕಳೆದರೂ 65 ಸಾವಿರ ಲೀಟರಿಗೆ ಮೋಸವಿಲ್ಲ. 6,000 ಲೀಟರಿನ ಟ್ಯಾಂಕರ್ ಹತ್ತಕ್ಕೂ ಹೆಚ್ಚು! ಅತ್ತ ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರುತ್ತಿದ್ದೇವೆ.

ತಾರಸಿಗೆ ವಾಟ, ಅಂದರೆ ಇಳಿಜಾರು, ಸರಿಯಾಗಿ ಕೊಡಿಸು, 100 ಅಡಿಗೆ ಒಂದು ಅಡಿಯಂತೆ. ಪೈಪು 4 ಇಂಚಿನದು, ಬಾಯಿಗೆ ಜಾಲರಿ. ಮೊದಲ ಮಳೆ ಧೂಳು, ಹಕ್ಕಿ ಹಿಕ್ಕೆ ಎಲ್ಲವನ್ನೂ ತೊಳೆದು ತರುತ್ತೆ, ಅದನ್ನು ಹೊರಗೆ ಬಿಡಲೇಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಪ್ಲಂಬರ್ 3 ಅಡಿ ಪೈಪಿನ ತುಂಡಿಗೆ ಮುಚ್ಚಳ ಹಾಕಿ 'ಫಸ್ಟ್ ಫ್ಲಶ್' ಅಂತಾನೆ. ಅದರಲ್ಲಿ ಹಿಡಿಯುವುದು ಎಂಟು ಲೀಟರೂ ಇಲ್ಲ. ನಿನ್ನ ತಾರಸಿಗೆ ಮೊದಲ ಎರಡು ಮಿ.ಮೀ. ಬಿಡಬೇಕೆಂದರೆ 170 ಲೀಟರ್ ಆಗುತ್ತೆ. ಅದು ತುಂಬಿದ ಮೇಲಷ್ಟೇ ನೀರು ಫಿಲ್ಟರ್ ದಾಟಿ ಸಂಪಿಗೆ ಹೋಗುವಂತೆ 200 ಲೀಟರಿನ ಡ್ರಮ್ ಇಡಿಸಿ, ತಳದಲ್ಲಿ ಹನಿಹನಿ ಸೋರುವ ಸಣ್ಣ ತೂತು ಬಿಡಿಸು. ಆ ತೂತು ಕಟ್ಟಿಕೊಂಡರೆ ಡ್ರಮ್ ತುಂಬಿಯೇ ಇರುತ್ತೆ, ಮುಂದಿನ ಮಳೆಯ ಕೊಳೆ ನೇರ ಸಂಪಿಗೆ.

ಫಿಲ್ಟರಿಗೆ ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಮರಳು. ಪದರಗಳ ನಡುವೆ ನೈಲಾನ್ ಜಾಲರಿ ಇರಲಿ, ಇಲ್ಲದಿದ್ದರೆ ಮರಳು ಜಲ್ಲಿಯೊಳಗೆ ಇಳಿದುಬಿಡುತ್ತೆ. ಏಪ್ರಿಲ್ ಮಳೆಗೆ ಮುಂಚೆ ಮೇಲಿನ ಎರಡು ಇಂಚು ಮರಳು ತೆಗೆದು ತೊಳೆಸು.

ಇನ್ನು ಇಂಗುಬಾವಿ. ನಾನು ಇಷ್ಟು ಬರೆಯುತ್ತಿರುವುದೇ ಇದಕ್ಕಾಗಿ. ಸಂಪು ತುಂಬಿ ಹೆಚ್ಚಾದ ನೀರು ರಸ್ತೆಗೆ ಹೋಗದೆ ಇದಕ್ಕೆ ಬೀಳಬೇಕು. 3 ಅಡಿ ಅಗಲ, 20 ಅಡಿ ಆಳ ಸಾಕು. ತೋಡುವುದಕ್ಕೆ ಪಾರಂಪರಿಕವಾಗಿ ಬಾವಿ ತೋಡುವ ಮಣ್ಣು ಒಡ್ಡರನ್ನೇ ಕರೆಸು, ಮಣ್ಣಿನ ಗುಣ ಅವರಿಗೆ ಗೊತ್ತು. ಒಂದೊಂದೇ ಸಿಮೆಂಟ್ ರಿಂಗು ಇಳಿಸಬೇಕು, ಸಂದಿಗೆ ಸಿಮೆಂಟ್ ಮೆತ್ತಕೂಡದು. ರಿಂಗಿನ ಹೊರಗೆ ಸುತ್ತ ಜಲ್ಲಿ, ತಳಕ್ಕೆ ಕಾಂಕ್ರೀಟ್ ಬೇಡವೇ ಬೇಡ. ಒಳಗೆಲ್ಲ ಕಲ್ಲು ತುಂಬಿಸೋಣ ಅಂತ ಮೇಸ್ತ್ರಿ ಹೇಳಿದರೆ ಒಪ್ಪಬೇಡ. ಖಾಲಿ ಬಾವಿಯಲ್ಲಿ 4,000 ಲೀಟರ್ ನಿಲ್ಲುತ್ತೆ, ಕಲ್ಲು ತುಂಬಿದರೆ ಅದರ ಅರ್ಧವೂ ಇಲ್ಲ, ಹೂಳು ತೆಗೆಯಲೂ ಆಗಲ್ಲ. ಮೇಲೆ ಗಟ್ಟಿ ಕಾಂಕ್ರೀಟ್ ಮುಚ್ಚಳ, ಮಕ್ಕಳಿರುವ ಮನೆ.

ನಿನ್ನ ಬಡಾವಣೆ ಹಳೆಯ ಕೆರೆಯಂಗಳವೇನೋ ವಿಚಾರಿಸು. ಐದಾರು ಅಡಿಗೇ ನೀರು ಸಿಕ್ಕರೆ ಇಂಗುಬಾವಿಯಿಂದ ಉಪಯೋಗವಿಲ್ಲ. ತುಂಬುಮಣ್ಣಾದರೆ ಕುಸಿಯುವ ಅಪಾಯ ಬೇರೆ. ಬಾವಿ ಯುಜಿಡಿ (ಒಳಚರಂಡಿ) ಚೇಂಬರಿನಿಂದ ಆದಷ್ಟು ದೂರ ಇರಲಿ. ಕಾರು ತೊಳೆದ ನೀರು, ಫಿನಾಯಿಲ್ ನೀರು ಒಂದು ಹನಿಯೂ ಅದಕ್ಕೆ ಸೇರಬಾರದು. ತಾರಸಿ ನೀರನ್ನು ನೇರ ಬೋರ್‌ವೆಲ್ಲಿಗೆ ಬಿಡುವವರಿದ್ದಾರೆ, ಆ ತಪ್ಪು ಮಾತ್ರ ಮಾಡಬೇಡ. ಕೊಳೆ ಸೋಸದೆ ಆಳದ ಬಂಡೆಯ ಬಿರುಕಿಗೆ ಇಳಿದರೆ ಅದನ್ನು ತೊಳೆಯುವ ದಾರಿಯಿಲ್ಲ.

ಇದರಿಂದ ನನ್ನ ಬೋರು ತುಂಬುತ್ತಾ ಅಂತ ಕೇಳ್ತೀಯ. ತುಂಬದೇ ಇರಬಹುದು. ನಮ್ಮೂರಿನ ಅಡಿಯಲ್ಲಿರುವುದು ಗಟ್ಟಿ ಬಂಡೆ, ಅದರ ಮೇಲೆ ಶಿಥಿಲವಾದ ಕಲ್ಲು-ಮಣ್ಣಿನ ಪದರ. ಇಂಗಿದ ನೀರು ಮೊದಲು ನಿಲ್ಲುವುದು ಆ ಪದರದಲ್ಲಿ. ಬೋರಿನ ಕೇಸಿಂಗ್ ಪೈಪು ಅದನ್ನೇ ಮುಚ್ಚಿರುತ್ತೆ. ಆಳಕ್ಕೆ ಇಳಿಯಲು ಎಷ್ಟೋ ವರ್ಷ ಬೇಕು. 2024ರ ಬೇಸಿಗೆಯಲ್ಲಿ ನಗರದ ಸಾವಿರಾರು ಬೋರುಗಳು ಬತ್ತಿದವಲ್ಲ, ಹಿಂದಿನವರ ಕಾಲದ ಮಳೆ ಕೂಡಿಟ್ಟಿದ್ದ ನೀರನ್ನು ನಾವು ಎತ್ತಿ ಮುಗಿಸಿದ್ದು. ನೀನು ಇಂಗಿಸಿದ ನೀರು ಪಕ್ಕದ ಬೀದಿಯ ಬಾವಿಗೆ ಹೋಗಬಹುದು, ನಿನ್ನ ಮೊಮ್ಮಗಳ ಕಾಲಕ್ಕೆ ಸಿಗಬಹುದು. ಅದಕ್ಕೇ ತೋಡಿಸು ಅನ್ನುತ್ತಿದ್ದೇನೆ.

ಕಣ್ಣಾರೆ ನೋಡಬೇಕೆಂದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಪಾರ್ಕ್ ಇದೆ, ಮೇಸ್ತ್ರಿಯನ್ನೂ ಕರೆದುಕೊಂಡು ಹೋಗು. ಸಂಪಿನ ಓವರ್‌ಫ್ಲೋ ಪೈಪು ಮಳೆನೀರು ಒಳಬರುವ ಪೈಪಿಗಿಂತ ಕೆಳಗಿರಬೇಕು, ಅದನ್ನು ಪ್ಲಾನಿನಲ್ಲೇ ಗುರುತು ಹಾಕಿಸು. ರಿಂಗು ಇಳಿಸುವ ದಿನ ಗೊತ್ತಾದರೆ ತಿಳಿಸು, ಬರುತ್ತೇನೆ.

ಇಂತಿ ನಿನ್ನ ಗೆಳೆಯ