ನೀರಿನ ವರದಿಯೊಂದೇ ಸಾಲದು, ಕೆಸರು, ಮೀನು, ಹಾಲನ್ನೂ ಪರೀಕ್ಷಿಸಿ: ಧಾರವಾಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಧಾರವಾಡ ಜಿಲ್ಲೆ, ಧಾರವಾಡ.

ಮಾನ್ಯರೆ,

ಹುಬ್ಬಳ್ಳಿ-ಧಾರವಾಡದ ಕೆರೆಗಳ ಮಾತು ಬಂದಾಗಲೆಲ್ಲ ಚರ್ಚೆ ನೀರಿನ ಪರೀಕ್ಷಾ ವರದಿಯ ಸುತ್ತಲೇ ನಡೆಯುತ್ತದೆ. ಕರಗಿದ ಆಮ್ಲಜನಕ ಎಷ್ಟು, ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ) ಎಷ್ಟು, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟು ಎಂಬ ಅಂಕಿಗಳು ಕೆರೆಗೆ ಎಷ್ಟು ಕೊಳಚೆ ಸೇರಿದೆ ಎಂಬುದನ್ನು ತಿಳಿಯಲು ಬೇಕೇ ಬೇಕು. ಆದರೆ ಪಾದರಸ, ಡಿಡಿಟಿ ಮತ್ತು ಬಿಎಚ್‌ಸಿ ಎಂಬ ಹಳೆಯ ಕೀಟನಾಶಕಗಳು, ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿದ್ದ ಪಿಸಿಬಿ ರಾಸಾಯನಿಕಗಳಂಥ ವಸ್ತುಗಳ ವಿಷಯದಲ್ಲಿ ನೀರನ್ನು ಮಾತ್ರ ನೋಡಿ ನೆಮ್ಮದಿ ಪಡುವಂತಿಲ್ಲ. ಅವು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ ತಳದ ಕೆಸರಿಗೆ, ಅಲ್ಲಿಂದ ಜೀವಿಗಳ ಮೈಗೆ ಸೇರಿಕೊಳ್ಳುತ್ತವೆ. ಆದ್ದರಿಂದ ನಮ್ಮ ಕೆರೆಗಳ ಕೆಸರನ್ನು, ಅಲ್ಲಿ ಹಿಡಿಯುವ ಮೀನನ್ನು, ಕೊಳಚೆ ನಾಲಾದ ನೀರಿನಲ್ಲಿ ಬೆಳೆದ ಮೇವು ತಿನ್ನುವ ದನ-ಎಮ್ಮೆಗಳ ಹಾಲನ್ನು ಪರೀಕ್ಷೆಗೆ ಒಳಪಡಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಜನರ ಮುಂದಿಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಈ ಭಾಗದ ಹಳ್ಳಿಗಳಲ್ಲಿ ಪಶುವೈದ್ಯನಾಗಿ ದುಡಿದು ನಿವೃತ್ತನಾದವನು ನಾನು. ಎಣ್ಣೆ (ಕೀಟನಾಶಕ) ಹೊಡೆದ ಹತ್ತಿ ಹೊಲದ ಬದುವಿನಲ್ಲಿ ಮೇಯ್ದ ಆಕಳು ಹೇಗಿರುತ್ತದೆ ಎಂಬುದು ನಮ್ಮ ರೈತರಿಗೂ ಗೊತ್ತು: ಬಾಯಿಂದ ಜೊಲ್ಲು ಸುರಿಯುತ್ತದೆ, ಮೈ ನಡುಗುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಅಟ್ರೊಪಿನ್ ಚುಚ್ಚುಮದ್ದು ಸಕಾಲಕ್ಕೆ ಸಿಕ್ಕರೆ ಬದುಕುತ್ತದೆ, ತಡವಾದರೆ ಇಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಈ ವಿಷಗಳು ಉಗ್ರವಾದರೂ ಬಿಸಿಲು, ಮಣ್ಣು, ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು ಸಾಮಾನ್ಯವಾಗಿ ದಿನಗಳಲ್ಲಿ ಅಥವಾ ವಾರಗಳಲ್ಲಿ ಒಡೆದುಹೋಗುತ್ತವೆ. ಕಣ್ಣಿಗೆ ಕಾಣುವ ವಿಷವಾದ್ದರಿಂದ ಇದಕ್ಕೆ ಪಂಚನಾಮೆಯೂ ಉಂಟು, ಪರಿಹಾರದ ಅರ್ಜಿಯೂ ಉಂಟು. ನಾನು ಹೇಳಹೊರಟಿರುವುದು ಯಾವ ದನವನ್ನೂ ಅದೇ ದಿನ ಕೆಡವದ, ಆದ್ದರಿಂದಲೇ ಯಾವ ಕಡತಕ್ಕೂ ಸೇರದ ಇನ್ನೊಂದು ಬಗೆಯ ವಿಷದ ಬಗ್ಗೆ.

ಒಂದು ವಸ್ತು ಸುಲಭಕ್ಕೆ ಒಡೆಯದೆ, ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುವಂಥದ್ದಾದರೆ ಅದು ದೇಹದಿಂದ ಹೊರಬೀಳುವ ದಾರಿ ಬಹಳ ಕಿರಿದು. ಕೆರೆಯ ಪಾಚಿಯನ್ನು ಸಣ್ಣ ಹುಳಗಳು ತಿನ್ನುತ್ತವೆ, ಹುಳಗಳನ್ನು ಮರಿಮೀನು, ಮರಿಮೀನನ್ನು ದೊಡ್ಡ ಮೀನು, ದೊಡ್ಡ ಮೀನನ್ನು ಹಕ್ಕಿ ಅಥವಾ ಮನುಷ್ಯ. ಪ್ರತಿ ಜೀವಿಯೂ ತನ್ನ ಆಯುಷ್ಯದಲ್ಲಿ ತನ್ನ ತೂಕದ ಎಷ್ಟೋ ಪಟ್ಟು ಆಹಾರ ತಿಂದು, ಅದರಲ್ಲಿ ಹೆಚ್ಚಿನದನ್ನು ಓಡಾಟಕ್ಕೆ, ಉಸಿರಾಟಕ್ಕೆ ಸುಟ್ಟು ಮುಗಿಸುತ್ತದೆ. ಆಹಾರ ಕರಗುತ್ತದೆ, ಅದರೊಡನೆ ಬಂದ ವಿಷ ಮಾತ್ರ ಮೈಯಲ್ಲೇ ಉಳಿಯುತ್ತದೆ. ಹೀಗೆ ಹಂತ ಹಂತಕ್ಕೂ ಅದರ ಸಾಂದ್ರತೆ ಏರುತ್ತದೆ. ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲಿ ಬಹಳ ವರ್ಷ ಅಚ್ಚಾಗಿದ್ದ ಡಿಡಿಟಿಯ ಉದಾಹರಣೆ ತಮಗೂ ನೆನಪಿರಬಹುದು. ನೀರಿನಲ್ಲಿ ಅದು ಶತಕೋಟಿಯಲ್ಲಿ 0.003 ಭಾಗ, ತೇಲುವ ಸೂಕ್ಷ್ಮ ಪ್ರಾಣಿಗಳಲ್ಲಿ ಹತ್ತು ಲಕ್ಷಕ್ಕೆ 0.04 ಭಾಗ, ಸಣ್ಣ ಮೀನಿನಲ್ಲಿ 0.5, ದೊಡ್ಡ ಮೀನಿನಲ್ಲಿ 2, ಮೀನು ತಿನ್ನುವ ಹಕ್ಕಿಯಲ್ಲಿ 25 ಭಾಗ. ನೀರಿನಿಂದ ಹಕ್ಕಿಯವರೆಗೆ ಎಂಬತ್ತು ಲಕ್ಷ ಪಟ್ಟಿಗೂ ಮಿಗಿಲಾದ ಏರಿಕೆ ಇದು. ಆ ನೀರನ್ನು ಮಾತ್ರ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದ್ದರೆ ‘ಪತ್ತೆಯಾಗಿಲ್ಲ’ ಎಂದೇ ವರದಿ ಬರುವ ಸಂಭವ ಹೆಚ್ಚು. ವರದಿ ಸುಳ್ಳಲ್ಲ, ನೋಡಿದ ಜಾಗ ತಪ್ಪು.

ಇಷ್ಟು ಏರಿದ ಡಿಡಿಟಿ ಹಕ್ಕಿಯ ದೇಹದಲ್ಲಿ ಕ್ಯಾಲ್ಸಿಯಂನ ಲೆಕ್ಕ ಕೆಡಿಸುತ್ತದೆ. ಮೊಟ್ಟೆಯ ಸಿಪ್ಪೆ ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ. ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ರಾಮ್‌ಸರ್ ಮಾನ್ಯತೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆ) ಸಿಕ್ಕಿದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಅಲ್ಲಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹುಲ್ಲು, ಕಾಳು ತಿನ್ನುವವು, ಆಹಾರ ಸರಪಳಿಯ ಕೆಳ ಮೆಟ್ಟಿಲಿನವು. ಕೆರೆಯ ಆರೋಗ್ಯ ತಿಳಿಯಬೇಕಾದರೆ ಎಲ್ಲರ ಕ್ಯಾಮೆರಾ ತಿರುಗುವ ಈ ಅತಿಥಿಗಳನ್ನಲ್ಲ, ಮೀನು ತಿಂದು ಬದುಕುವ ನೀರುಕಾಗೆ, ಬಕಗಳನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಡಿಡಿಟಿಯನ್ನು ಕೃಷಿಯಲ್ಲಿ ಬಳಸುವುದನ್ನು 1989ರಲ್ಲೇ ನಿಷೇಧಿಸಲಾಗಿದೆ, ಬಿಎಚ್‌ಸಿಯನ್ನು 1997ರಲ್ಲಿ. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ 2011ರಲ್ಲಿ ತಡೆ ಹಾಕಿತು. ಹಾಗಿದ್ದಮೇಲೆ ಹಳೆಯ ಕಥೆ ಏಕೆ ಎಂದು ಕೇಳಬಹುದು. ಬಿಎಚ್‌ಸಿಯೇ ಆದ ಗ್ಯಾಮಾಕ್ಸಿನ್ ಪುಡಿಯನ್ನು, ರಕ್ತ ಹೀರುವ ಉಣ್ಣೆ ಹುಳ ಹತ್ತಿದ ಎಮ್ಮೆಗೆ ಬರಿಗೈಯಲ್ಲಿ ಉಜ್ಜುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ, ಮತ್ತು ಈ ವಸ್ತುಗಳು ಮಣ್ಣಿನಲ್ಲಿ ವರ್ಷಗಟ್ಟಲೆ, ಕೆಲವು ಕಡೆ ದಶಕದಾಚೆಗೂ ಉಳಿಯುತ್ತವೆ. ಕೊಬ್ಬಿನಲ್ಲಿ ಸೇರಿಕೊಂಡ ಇಂಥ ವಿಷಕ್ಕೆ ಹೊರಬೀಳಲು ಸಸ್ತನಿಗಳಲ್ಲಿರುವ ಮುಖ್ಯ ದಾರಿಯೇ ಹಾಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ರಾಜ್ಯಗಳಿಂದ ತಂದ ದನ-ಎಮ್ಮೆಗಳ 2205 ಹಾಲಿನ ಮಾದರಿಗಳ ಪೈಕಿ ಸುಮಾರು ಶೇ 82ರಲ್ಲಿ ಡಿಡಿಟಿಯ ಶೇಷ ಕಂಡುಬಂದಿತ್ತು. ಅದು ಅಂದಿನ ಮಾತು. ಇಂದು ನಮ್ಮ ಜಿಲ್ಲೆಯ ಹಾಲಿನಲ್ಲಿ ಅದು ಇಳಿದಿರುವ ಸಾಧ್ಯತೆಯೇ ಹೆಚ್ಚು, ಇಳಿದಿದ್ದರೆ ಅದನ್ನು ಅಂಕಿಗಳ ಮೂಲಕ ಜನರಿಗೆ ಹೇಳುವುದೂ ಒಳ್ಳೆಯ ಸುದ್ದಿಯೇ. ಹಸುಗೂಸಿಗೆ ತಾಯಿಯ ಹಾಲು ಬಿಡಿಸಬೇಕೆಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು. ಅದರ ಪ್ರಯೋಜನ ಈ ಆತಂಕಕ್ಕಿಂತ ಬಹಳ ದೊಡ್ಡದು ಎಂಬುದರಲ್ಲಿ ವೈದ್ಯರಿಗೆ ಸಂದೇಹವಿಲ್ಲ.

ನಮ್ಮಲ್ಲಿ ಹಾಲು ಬರೀ ಹಾಲಾಗಿ ಉಳಿಯುವುದಿಲ್ಲ. ಗೌಳಿಗರ ಧಾರವಾಡಿ ಎಮ್ಮೆಯ ಗಟ್ಟಿ ಹಾಲು ಖವಾ ಆಗುತ್ತದೆ, ಪೇಡಾ ಆಗುತ್ತದೆ, ಬೆಣ್ಣೆ-ತುಪ್ಪ ಆಗುತ್ತದೆ. ನೀರು ಆರಿ ಕೊಬ್ಬು ಉಳಿಯುವಾಗ ಕೊಬ್ಬಿನಲ್ಲಿ ಕರಗಿದ್ದೂ ಉಳಿಯುತ್ತದೆ. ಪೇಡಾದ ಹೆಸರಿಗೆ ಕಳಂಕ ಹಚ್ಚುವ ಉದ್ದೇಶ ನನ್ನದಲ್ಲ, ನಾನೂ ತಿನ್ನುವವನೇ. ಆ ಹೆಸರು ಉಳಿಯಬೇಕಾದರೆ ಎಮ್ಮೆ ಏನು ತಿನ್ನುತ್ತದೆ ಎಂಬುದನ್ನು ನೋಡಬೇಕು ಎಂದಷ್ಟೇ ಹೇಳುತ್ತಿದ್ದೇನೆ. ಬಿಡನಾಳ, ಗಬ್ಬೂರಿನ ಕಡೆ ನಾಲಾಕ್ಕೆ ಪಂಪ್ ಇಟ್ಟು ತರಕಾರಿ ಬೆಳೆಯುವುದು ಗುಟ್ಟಿನ ಸಂಗತಿಯೇನಲ್ಲ. ಹುಬ್ಬಳ್ಳಿ-ಧಾರವಾಡದ ಕೊಳಚೆ ನೀರಿನ ಬೇಸಾಯದ ಬಗ್ಗೆ 2000ದ ದಶಕದ ಆರಂಭದಲ್ಲೇ ಸಂಶೋಧಕರು ಬರೆದಿದ್ದಾರೆ. ನಾಲಾದ ದಂಡೆಯ ಹಸಿ ಹುಲ್ಲು, ಹತ್ತಿಕಾಳಿನ ಹಿಂಡಿ, ಇವೆರಡನ್ನೂ ಪರೀಕ್ಷೆಯ ಪಟ್ಟಿಯಲ್ಲಿ ಮೊದಲಿಗೆ ಬರೆಯಬೇಕೆಂದು ನನ್ನ ಸಲಹೆ. ಕ್ಯಾಡ್ಮಿಯಂ, ಸೀಸದಂಥ ಲೋಹಗಳು ಡಿಡಿಟಿಯ ಹಾಗೆ ಮೆಟ್ಟಿಲು ಮೆಟ್ಟಿಲಿಗೂ ಹೆಚ್ಚುತ್ತ ಹೋಗುವಂಥವಲ್ಲ, ಆದರೆ ಒಳಸೇರಿದ ಮೇಲೆ ಬಿಟ್ಟುಹೋಗುವವೂ ಅಲ್ಲ. ಪಾಲಕ್‌ನಂಥ ಸೊಪ್ಪುಗಳು ಮಣ್ಣಿನಿಂದ ಹೀರುವ ಕ್ಯಾಡ್ಮಿಯಂ ಮನುಷ್ಯನ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂತಿರುತ್ತದೆ.

ಪಾದರಸದ್ದು ಬೇರೆಯೇ ಬಗೆ. ಒಡೆದ ಟ್ಯೂಬ್‌ಲೈಟು, ಹಳೆಯ ಥರ್ಮಾಮೀಟರು, ಬಿ.ಪಿ. ಯಂತ್ರಗಳಿಂದ ಹೊರಬಿದ್ದ ಪಾದರಸ ಮಳೆನೀರಿನೊಡನೆ ಗಟಾರ ಸೇರಿ ಕೆರೆಗೆ ಬಂದರೆ, ಗಾಳಿಯಾಡದ ತಳದ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಜೀವಿಗಳ ಮೈಗೆ ಸುಲಭಕ್ಕೆ ಸೇರುವ ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಕೊಳಚೆ ತುಂಬಿ, ಅಂತರಗಂಗೆ ಮುಚ್ಚಿಕೊಂಡು, ಆಮ್ಲಜನಕ ಕಳೆದುಕೊಂಡ ಕೆರೆ ಇದಕ್ಕೆ ಹೇಳಿಮಾಡಿಸಿದ ಜಾಗ. ಮೀಥೈಲ್ ಪಾದರಸ ಕೊಬ್ಬಿಗಲ್ಲ, ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಮೀನಿನ ತುಂಡನ್ನು ತೊಳೆದರೂ, ಬೇಯಿಸಿದರೂ ಹೋಗುವುದಿಲ್ಲ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದು 1932ರಿಂದ 1968ರವರೆಗೆ ಪಾದರಸದ ತ್ಯಾಜ್ಯವನ್ನು ಕೊಲ್ಲಿಗೆ ಬಿಟ್ಟಿತು. ಮೊದಲು ಹುಚ್ಚೆದ್ದು ಸತ್ತದ್ದು ಮೀನು ತಿನ್ನುವ ಬೆಕ್ಕುಗಳು. ಮನುಷ್ಯರ ಕಾಯಿಲೆ ಅಧಿಕೃತವಾಗಿ ದಾಖಲಾದದ್ದು 1956ರಲ್ಲಿ. ಆರೋಗ್ಯವಾಗಿ ಕಂಡ ತಾಯಂದಿರ ಹೊಟ್ಟೆಯಲ್ಲೂ ಮೆದುಳು ಘಾಸಿಗೊಂಡ ಮಕ್ಕಳು ಹುಟ್ಟಿದರು. ನಮ್ಮ ಕೆರೆಗಳು ಮಿನಮಾಟಾ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಸುಳಿವು ಸಿಕ್ಕಿದ್ದು ಮೀನು ತಿಂದವರಲ್ಲಿ ಎಂಬುದನ್ನು ನೆನಪಿಸುತ್ತಿದ್ದೇನೆ.

ಪರೀಕ್ಷೆಗೆ ಮುಂಚೆ ತೀರ್ಪು ಕೊಡುವುದೂ ಅಷ್ಟೇ ಅಪಾಯಕಾರಿ. ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಜನರ ಕೀಲು-ಮೂಳೆ ಸವೆಯುವ ಕಾಯಿಲೆ ಕಾಣಿಸಿಕೊಂಡಾಗ, ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಬಲವಾಗಿತ್ತು. ಮುಂದಿನ ಸಂಶೋಧನೆಗಳು ಅದು ಆನುವಂಶಿಕ ಕಾಯಿಲೆ ಎಂದು ತೋರಿಸಿದವು. ಗುಮಾನಿಯ ಮೇಲೆ ಕೆರೆಯ ಮೀನುಗಾರಿಕೆ ನಿಲ್ಲಿಸಿದರೆ ಗುತ್ತಿಗೆ ಹಿಡಿದ ಬಡ ಮೀನುಗಾರನ ಹೊಟ್ಟೆಯ ಮೇಲೆ ಮೊದಲು ಪೆಟ್ಟು ಬೀಳುತ್ತದೆ. ಎಂದೇ ಮೊದಲು ಅಳೆಯಿರಿ, ಆಮೇಲೆ ಆದೇಶ ಹೊರಡಿಸಿ ಎಂದು ಕೋರುತ್ತೇನೆ.

ಅಳೆಯುವ ಕ್ರಮದ ಬಗ್ಗೆ ಕೆಲವು ಮಾತು. ಮೀನಿನ ಮಾದರಿಗೆ ಪಾಚಿ-ಸೊಪ್ಪು ತಿನ್ನುವ ಜಾತಿಗಳಷ್ಟೇ ಸಾಲವು. ಬೇರೆ ಮೀನನ್ನು ನುಂಗಿ ಬೆಳೆಯುವ ಕೊರಮೀನಿನಂಥವು, ಅದರಲ್ಲೂ ವಯಸ್ಸಾದ ದೊಡ್ಡವು ಬೇಕು. ಹಾಲನ್ನು ಒಬ್ಬೊಬ್ಬ ರೈತನ ಕ್ಯಾನಿನಿಂದ ತೆಗೆಯದೆ ಹಳ್ಳಿಯ ಸಂಘದಲ್ಲಿ ಕೂಡಿಬಂದ ಹಾಲಿನಿಂದ ತೆಗೆದರೆ ಯಾರ ಹೆಸರೂ ಕೆಡುವುದಿಲ್ಲ, ಶೇಷವನ್ನು ಕೊಬ್ಬಿನ ಪ್ರಮಾಣಕ್ಕೆ ಲೆಕ್ಕಹಾಕಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ, ಪಶುಸಂಗೋಪನೆ, ಮೀನುಗಾರಿಕೆ, ಆಹಾರ ಸುರಕ್ಷತೆ ಇಲಾಖೆಗಳು ತಮ್ಮ ತಮ್ಮ ಪಾಲನ್ನಷ್ಟೇ ನೋಡುತ್ತವೆ, ಕೆಸರಿನಿಂದ ತಟ್ಟೆಯವರೆಗಿನ ಇಡೀ ದಾರಿ ಯಾವ ಒಂದು ಇಲಾಖೆಯದ್ದೂ ಅಲ್ಲ. ಅವರೆಲ್ಲರನ್ನೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ತಜ್ಞರೊಂದಿಗೆ ಒಂದೇ ಸಭೆಗೆ ಕರೆಯುವ ಅಧಿಕಾರ ತಮಗಿದೆ, ಪತ್ರವನ್ನು ತಮಗೇ ಬರೆಯಲು ಕಾರಣವೂ ಅದೇ.

ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದದ್ದು ಕೆಸರಿನ ಪರೀಕ್ಷೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿದಾಗ ಮಸಾರಿ (ಕೆಂಪು ಮಣ್ಣಿನ) ಹೊಲದ ರೈತರು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಆ ಕರಿಮಣ್ಣನ್ನು ಹೊಲಕ್ಕೆ ಹೊಡೆಸುತ್ತಾರೆ. ಹಳ್ಳಿಯ ಮಳೆನೀರಿನ ಕೆರೆಯ ಮಟ್ಟಿಗೆ ಅದು ಬಂಗಾರದಂಥ ಗೊಬ್ಬರ. ಊರಿನ ಕೊಳಚೆ ಸೇರುವ ಕೆರೆಯ ಹೂಳಿಗೂ ಅದೇ ಮಾತು ಅನ್ವಯಿಸುತ್ತದೆಯೇ ಎಂಬುದನ್ನು ಯಾರೂ ನೋಡದೆ ಹಂಚಿದರೆ, ವರ್ಷಗಳಿಂದ ತಳದಲ್ಲಿ ಕೂತ ಲೋಹ ಮತ್ತು ಕೀಟನಾಶಕಗಳನ್ನು ನಾವೇ ಹೊತ್ತು ಜೋಳ-ಮೇವಿನ ಬುಡಕ್ಕೆ ತಲುಪಿಸಿದಂತಾಗುತ್ತದೆ. ಮುಂದಿನ ಸಲ ಇಂಥ ಕೆರೆಯ ಹೂಳೆತ್ತುವ ಟೆಂಡರ್ ಕರೆಯುವ ಮೊದಲು ಬೇರೆ ಬೇರೆ ಆಳದ ಕೆಸರನ್ನು ಪರೀಕ್ಷಿಸಬೇಕು, ಮಣ್ಣನ್ನು ಹೊಲಕ್ಕೆ ಬಿಡಬಹುದೇ ಇಲ್ಲವೇ ಎಂಬುದನ್ನು ಟೆಂಡರ್ ಷರತ್ತಿನಲ್ಲೇ ಬರೆಯಬೇಕು, ಮತ್ತು ಆ ವರದಿಯ ಪ್ರತಿಯನ್ನು ಕೆರೆಯ ದಂಡೆಯ ಫಲಕದಲ್ಲೂ ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲೂ ಅಂಟಿಸಬೇಕು. ಹಾಲು, ಮೇವಿನ ಮಾದರಿ ತೆಗೆಯುವ ಕೆಲಸಕ್ಕೆ ನನ್ನಂಥ ನಿವೃತ್ತ ಪಶುವೈದ್ಯರು ಸಂಭಾವನೆ ಇಲ್ಲದೆ ಬರಲು ಸಿದ್ಧರಿದ್ದೇವೆ. ತಮ್ಮ ಕಚೇರಿಯಿಂದ ಲಿಖಿತ ಉತ್ತರವನ್ನು ಎದುರು ನೋಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ, ಧಾರವಾಡ